ಐವತ್ತು ಕಿಲೋಮೀಟರ್ ಆದಮೇಲೆ

ಶೋಕಿ ಅಂದರೆ ಶೋಕಿಯೇ, ಒಪ್ಪಿಕೊಳ್ಳುತ್ತೇನೆ.
ಹದಿನೈದು ವರ್ಷ ಹಳೆಯ ಬಿಳಿ ಕಾರಿಗೆ
ಕಪ್ಪು ಅಲಾಯ್ ಚಕ್ರ ನಾಲ್ಕು, ಟಯರ್ ಸಮೇತ.
ಮಡಗಾಂವಿನ ಗುಜರಿಯಲ್ಲಿ ಕಂಡದ್ದೇ ತಡ
ನವರಾತ್ರಿಗೆ ಹೊಲಿದ ಬ್ಲೌಸುಗಳ ದುಡ್ಡು ಎಣಿಸಿಕೊಟ್ಟೆ.
ಹಿಂದಿನ ಸೀಟಿನಲ್ಲಿ ಹಳೇ ಚಾದರ ಹೊದ್ದು
ನೆಂಟರ ಮಕ್ಕಳ ಹಾಗೆ ಕೂತು ಬಂದವು ಗಡಿ ದಾಟಿ.

ಕಾರವಾರದ ಅಂಗಡಿಯಲ್ಲಿ ಎಸಿ ಇತ್ತು, ಕಾಫಿ ಮಷೀನಿತ್ತು.
ಹುಡುಗ ನನ್ನ ಹೆಗಲಾಚೆ ನೋಡಿ ಕೇಳಿದ:
"ಗಾಡಿ ಯಾರದ್ದು ಅಕ್ಕಾ? ಅಣ್ಣ ಬಂದಿಲ್ವಾ?"
ಅಣ್ಣ ಬರುವುದಿಲ್ಲ ಎಂದೆ.
ಹಾಗಾದರೆ ಈ ಚಕ್ರವೂ ಬರುವುದಿಲ್ಲ ಎಂದ,
ಹೊಸದು ತಗೊಳ್ಳಿ, ಕಂತು ಇದೆ.

ಅಂಕೋಲೆಯಲ್ಲೊಬ್ಬ, "ಎಂತದೂ ಆಗೂದಿಲ್ಲ, ಕೂರಿಸ್ತೆ" ಅಂದು
ಸುತ್ತಿಗೆ ತರಲು ಒಳಗೆ ಹೋದ.
ಅವನು ಹೊರಬರುವಷ್ಟರಲ್ಲಿ ನಾನು ಹೈವೇಯಲ್ಲಿದ್ದೆ.

ಕುಮಟೆಯವ ನಮ್ಮ ಓಣಿಯವನೇ, ಪಾಪ, ಒಳ್ಳೆಯವ.
ಗಾಳಿಯ ಗನ್ನು ಹಿಡಿದು ಗರ್ರೆಂದು
ಒಂದೇ ಉಸಿರಿಗೆ ಹದಿನಾರು ನಟ್ಟು ತಿರುಪಿದ.
ಎಪ್ಪತ್ತು ದಾಟಿದ ಮೇಲೆ ಸ್ಟೇರಿಂಗು ನಡುಗಿತು
ಚಳಿಜ್ವರದವರ ಕೈ ಹಿಡಿದಂತೆ.
"ಎಪ್ಪತ್ತು ಯಾಕೆ ದಾಟ್ತೀರಿ?" ಎಂದ.

ನಾನು ಹೊಲಿಗೆಯವಳು. ಇಪ್ಪತ್ತೆರಡು ವರ್ಷದಿಂದ
ಊರವರ ಭುಜ, ಬಗಲು, ಕತ್ತು ಅಳೆದಿದ್ದೇನೆ.
ಟೇಪು ಹಿಡಿಯುವ ಕೈ ನೋಡಿದರೆ ಸಾಕು,
ಬಟ್ಟೆ ಹಾಳು ಮಾಡುವವರು ಯಾರೆಂದು ಹೇಳಬಲ್ಲೆ.
ನಿಂತಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಕನ್ನಡಿಯೆದುರು.
ಸಡಿಲ ಗೊತ್ತಾಗುವುದು ಕೈ ಎತ್ತಿದಾಗ.

ಹೊನ್ನಾವರದಲ್ಲಿ, ಶರಾವತಿ ಸೇತುವೆಗೆ ಸ್ವಲ್ಪ ಮೊದಲು
ಐಸ್ ಫ್ಯಾಕ್ಟರಿಯ ಪಕ್ಕ, ಬೋರ್ಡಿಲ್ಲದ ತಗಡಿನ ಶೆಡ್ಡು.
ಇನಾಸ್ ಫರ್ನಾಂಡಿಸ್, ಅರವತ್ತರ ಮೇಲಿರಬಹುದು,
ಗಾಡಿ ಯಾರದ್ದೆಂದು ಕೇಳಲಿಲ್ಲ. ಚಕ್ರ ಕಳಚಿ
ಬೋಗುಣಿಯ ಹಾಗೆ ಮಗುಚಿ, ನಡುವಿನ ತೂತು ಅಳೆದು
ಸೀಮೆಸುಣ್ಣದಲ್ಲಿ ಟಯರಿನ ಮೇಲೇ ಲೆಕ್ಕ ಬರೆದ.
"ಆರು ಮಿಲ್ಲಿಮೀಟರ್ ಸಡಿಲ, ತಂಗೀ. ರಿಂಗ್ ಬೇಕು."
ಹಳೇ ಚಕ್ರ ಮತ್ತೆ ಹಾಕಿ, ಮೂರು ದಿನ ಬಿಟ್ಟು ಬಾ ಎಂದ.

ಮೂರು ದಿನ ಬಿಟ್ಟು ಹೋದೆ.
ಹಬ್ಬಿನ ಮೇಲೆ ಉಪ್ಪುಗಾಳಿ ಕಟ್ಟಿದ ತುಕ್ಕು;
ತಂತಿ ಬ್ರಷ್ಷಿನಲ್ಲಿ ಉಜ್ಜಿದ, ಊದಿದ, ಮತ್ತೆ ಉಜ್ಜಿದ.
ರಿಂಗು ಕೂತಿತು, ಕುಂಕುಮದ ಡಬ್ಬಿಯ ಮುಚ್ಚಳದ ಸದ್ದು.
ಒಂದೊಂದು ನಟ್ಟನ್ನೂ ಮೊದಲು ಬೆರಳಲ್ಲೇ ತಿರುಗಿಸಿದ,
ಸೂಜಿಗೆ ದಾರ ಪೋಣಿಸುವವರ ಮುಖ ಹೊತ್ತು.
ಆಮೇಲೆ ಉದ್ದ ಹಿಡಿಯ ಪಾನಾ. ಒಂದು, ಅದರ ಎದುರಿನದು.
ಟಕ್ ಎಂದೊಡನೆ ಕೈ ತೆಗೆಯುತ್ತಿದ್ದ.
ಇನ್ನೂ ಒಂದು ಸುತ್ತು ಬಿಗಿ ಮಾಡಿ, ಎಂದೆ.
"ಗುಂಡಿ ಹರಿಯುವಷ್ಟು ಬಿಗಿ ಹೊಲೀತೀಯಾ ನೀನು?"
ಟೇಪು ನನ್ನ ಕೊರಳಲ್ಲೇ ಉಳಿದಿದೆಯೆಂದು
ಆಗ ಗೊತ್ತಾಯಿತು.

ದುಡ್ಡು ಕೊಡಹೋದರೆ ಅರ್ಧ ಮಾತ್ರ ಹಿಡಿದ.
"ಐವತ್ತು ಕಿಲೋಮೀಟರ್ ಓಡಿಸಿ ಬಾ. ಇನ್ನೊಮ್ಮೆ ನೋಡ್ತೇನೆ.
ಉಳಿದದ್ದು ಆಮೇಲೆ."
ಒಂದು ದಿನ ಹಾಕ್ಕೊಂಡು ಓಡಾಡಿ ಬಾರೇ,
ಎಲ್ಲಿ ಹಿಡೀತದೆ ನೋಡುವಾ: ನಾನು ಎಷ್ಟು ಜನಕ್ಕೆ
ಹೇಳಿಲ್ಲ ಇದನ್ನ! ನನಗೆ ಯಾರೂ ಹೇಳಿರಲಿಲ್ಲ.

ಸೇತುವೆ, ಕಾಸರಕೋಡಿನ ಗಾಳಿಮರ, ಮಂಕಿ,
ಒಣಮೀನಿನ ವಾಸನೆ ಒಂದು ಕಿಟಕಿಯಿಂದ ಬಂದು ಇನ್ನೊಂದರಿಂದ ಹೋಯಿತು.
ನೂರಕ್ಕೂ ಸ್ಟೇರಿಂಗು ಅಲುಗಲಿಲ್ಲ
(ಕುಮಟೆಯವನಿಗೆ ಹೇಳಬೇಡಿ).
ಮುರ್ಡೇಶ್ವರದ ಕ್ರಾಸಿನಲ್ಲಿ ಮೀಟರು ನೋಡಿ ತಿರುಗಿಸಿದೆ.
ಕೆಲಸವಿಲ್ಲದೆ ಇಷ್ಟು ದೂರ ಬಂದದ್ದು ಇದೇ ಮೊದಲು.

ಊಟಕ್ಕೆ ಕೂತಿದ್ದವ ಕೈ ತೊಳೆದು ಎದ್ದ.
ಟಕ್. ಟಕ್. ಹದಿನೈದು ಕದಲಲೇ ಇಲ್ಲ.
ಹಿಂದಿನ ಎಡಗಡೆಯ ಒಂದು ಮಾತ್ರ
ನೂಲಿನೆಳೆಯಷ್ಟು ತಿರುಗಿತು, ಆಮೇಲೆ ಟಕ್.
ಇನಾಸ್ ಪಾನಾ ಗೋಡೆಗೆ ಒರಗಿಸಿ
ಎರಡು ಹೆಜ್ಜೆ ಹಿಂದೆ ಸರಿದ. ಇಷ್ಟು ದಿನ
ಚಕ್ರ ನೋಡಿದ್ದವ ಈಗ ಕಾರು ನೋಡಿದ.
"ಚಂದ ಕಾಣ್ತದೆ" ಎಂದ.