ಇಲ್ಲಿ ಗಾಡಿ

ಮೊದಲಿದು ಫರ್ಸಿ ಕಲ್ಲಿನ ಗೋದಾಮು, ವಾಡಿ ಜಂಕ್ಷನ್ನಿನ ಬೆನ್ನಿಗೆ.
ಹತ್ತಿ ಅಂಡಿಗೆ ಹೋಗಿ ಹಾರ್ಮೋನಿಯಂ ಬಂತು.
ಅಂಕದ ನಡುವೆ, ಒಂಬತ್ತೂ ನಲವತ್ತಕ್ಕೆ,
ಮದ್ರಾಸಿನ ಗಾಡಿ ಕೂಗುತ್ತಾ ಹೋಗುತ್ತಿತ್ತು;
ತಗಡು ನಡುಗಿ, ಗ್ಯಾಸಬತ್ತಿ ತೂಗಿ,
ಸಾಯುತ್ತಿದ್ದ ರಾಜನೂ ತುಸು ತಡೆದು ಸಾಯುತ್ತಿದ್ದ.

ಗಾರ್ಡ್ ಗುಂಡೇರಾವ್ ಆಮೇಲೆ ಆ ತಡೆಯನ್ನೇ
ನಾಟಕದೊಳಗೆ ಬರೆದ: "ಇಲ್ಲಿ ಗಾಡಿ."
ಆ ಹೊತ್ತಿಗೆ ನಾಗೂಬಾಯಿ ಸುಮ್ಮನೆ
ಸೆರಗಿನ ಸಿಮೆಂಟು ಧೂಳು ಕೊಡವುತ್ತಿದ್ದಳು.
ಅದಕ್ಕೇ ಚಪ್ಪಾಳೆ, ಅದಕ್ಕೇ ಒನ್ಸ್ ಮೋರ್.
ಗಾಡಿಗೆಲ್ಲಿಯ ಒನ್ಸ್ ಮೋರ್!

ನಮ್ಮಪ್ಪ ಸಾಯಬಣ್ಣ ಪರದೆ ಎಳೆಯುವವ.
ಗಾಡಿ ಲೇಟಾದ ದಿನ ಹಗ್ಗ ಹಿಡಿದು
ಹಳಿಯ ಕಡೆ ಕಿವಿಗೊಟ್ಟು ನಿಲ್ಲುತ್ತಿದ್ದ;
ಮಂದಿಯೂ ಕಾಯುತ್ತಿತ್ತು,
ಒಮ್ಮೆ ಪೂರಾ ಒಂದು ತಾಸು, ಅಂಕ ಮುಂದೆ ಸಾಗದೆ.

ಈಗ ಕಲಾಭವನ. ಗೋಡೆಗೆ ಸ್ಪಂಜು, ಮೇಲೆ ಏಸಿ.
ಹೊರಗಿನದೇನೂ ಒಳಬರುವುದಿಲ್ಲ.
ರಂಗದ ಕಲ್ಲು ಮಾತ್ರ ಹಳೆಯದೇ.

ನಿನ್ನೆ ತಾಲೀಮಿನಲ್ಲಿ ಡಿಗ್ರಿ ಓದುವ ಹುಡುಗಿ,
ಗಾಡಿಯ ಕತೆ ಕೇಳದವಳು,
ಬರಿಗಾಲಲ್ಲಿ ನಿಂತವಳು,
ಮಾತಿನ ನಡುವೆ ತಟ್ಟನೆ ತಡೆದಳು.
"ಯಾಕವ್ವಾ?" ಅಂದೆ.
"ಕೆಳಗ ಏನೋ ಹೊಂಟದರೀ" ಅಂದಳು.