ಲೆಕ್ಕ ತಪ್ಪಿದ ಸುತ್ತು

ಬೋರ್‌ವೆಲ್ಲಿನ ಮೋಟಾರು, ಮಿಕ್ಸಿ, ಸೀಲಿಂಗ್ ಫ್ಯಾನು,
ದಕ್ಕೆಯ ಬೋಟುಗಳ ಡೈನಮೊ,
ಸುಟ್ಟದ್ದು ಯಾವುದೇ ಬರಲಿ, ಬಿಚ್ಚಿ ಸುತ್ತಿ ಕೊಡುವವ ನಾನು.
ಮೂವತ್ತೊಂದು ವರ್ಷ, ಬಂದರಿನ ಇದೇ ಅಂಗಡಿ,
ವಾರ್ನಿಶು, ಒಣಮೀನು, ಪಕ್ಕದ ಗೋದಾಮಿನ ಮೆಣಸು.

ಹುಡುಗಿ ಬಂದದ್ದು ಮಧ್ಯಾಹ್ನದ ಬಾಂಗಿನ ನಂತರ.
ಗೋಣಿಯಿಂದ ಹಲಗೆಯೊಂದನ್ನು ತೆಗೆದಿಟ್ಟು
"ಗಿಟಾರು" ಎಂದಳು.
ನನಗೆ ಕಂಡದ್ದು ಬೋಟು.
ಹೆಬ್ಬಲಸು. ಬೆಂಗ್ರೆಯಲ್ಲಿ ಒಡೆದು ಮಾರಿದ್ದಂತೆ,
ಮೊಳೆಯ ತೂತಿನ ಸುತ್ತ ಕಪ್ಪು ಹಾಗೇ ಉಂಟು.
ಕುತ್ತಿಗೆ ಆಗಿದೆ, ಕಿವಿ ಆಗಿದೆ,
ಹೊಟ್ಟೆಯಲ್ಲಿ ಮಾತ್ರ ಎರಡು ಖಾಲಿ ಗುಳಿ.

ಜೋಯ್ಲಿನ್ ಲಸ್ರಾದೊ, ಕುಲಶೇಖರದವಳು,
ಕಟ್ಟುಹಲ್ಲಿನ ಅಚ್ಚು ಮಾಡುವ ಕೆಲಸ.
ಗುಳಿಗೆ ಯಾವ ಪಿಕಪ್ಪು ಎಂಬುದಕ್ಕೆ
ಎಂಟು ತಿಂಗಳಿಂದ ಸರಿ ನಿದ್ದೆ ಇಲ್ಲ.
ಒಂಟಿ ಸುರುಳಿಯದ್ದಾದರೆ ಸ್ವರ ತಿಳಿ, ಆದರೆ ಗುಂಯ್‌ಗುಡುತ್ತದೆ.
ಜೋಡಿ ಸುರುಳಿಯದ್ದು ಗುಂಯ್ ನುಂಗುತ್ತದೆ,
ಒಟ್ಟಿಗೆ ಸ್ವರದ ಅಂಚನ್ನೂ.
ಹೊರದೇಶದಿಂದ ತರಿಸಿದರೆ ಸ್ಕೂಟರಿನ ಮುಂಗಡದಷ್ಟು.
"ನೀವೇ ಸುತ್ತಿ ಕೊಡಿ ಕಾಕಾ."

ಎಂತ ಕೆಲಸ ಮಾರಾಯ್ರೆ!
ಮೋಟಾರಾದರೆ ತಿರುಗಬೇಕು, ನೀರು ಎತ್ತಬೇಕು.
ಇದು ಸುಮ್ಮನೆ ಕೂತು
ತಂತಿ ನಡುಗಿದ್ದನ್ನು ಕೇಳಿಸಿಕೊಳ್ಳುತ್ತದೆ.
ಅಷ್ಟಕ್ಕೆ ಕೂದಲಿಗಿಂತ ಸಪೂರದ ತಾಮ್ರ,
ಏಳು ಸಾವಿರದ ಎಂಟುನೂರು ಸುತ್ತು!

ಹಳೆಯ ಹೊಲಿಗೆ ಮೆಷಿನಿನ ಚಕ್ರಕ್ಕೆ ಕಟ್ಟಿದೆ.
ಮೊದಲನೆಯದು ನಾನೂರರಲ್ಲಿ ಹರಿಯಿತು,
ಎರಡನೆಯದು ಮುಗಿಯಲಿಕ್ಕಿರುವಾಗ.
ಮೂರನೆಯದಕ್ಕೆ ಫ್ಯಾನು ನಿಲ್ಲಿಸಿ, ಶಟರು ಅರ್ಧ ಎಳೆದು
ನೂರಕ್ಕೊಂದು ವಾಶರು ಡಬ್ಬಿಗೆ, ಟಣ್,
ನೂರಕ್ಕೊಂದು, ಟಣ್.
ಐವತ್ತೆಂಟಕ್ಕೆ ಅಲಿಮಮ್ಮನ ಫೋನು:
ಬರುವಾಗ ಬೂತಾಯಿ ತನ್ನಿ.
ವಾಶರು ಹಾಕಿದೆನೋ ಇಲ್ಲವೋ.

ಹುಡುಗಿಗೆ ಹೇಳಿದೆ. ಮೀಟರು ಇಟ್ಟು ನೋಡಿ
"ಇರಲಿ" ಎಂದಳು. ಚೀಲದಿಂದ ಮೇಣ ತೆಗೆದಳು,
ಇಗರ್ಜಿಯಲ್ಲಿ ಉರಿದುಳಿದ ತುಂಡುಗಳು.
ಮೇಣ ಕುಡಿಸದಿದ್ದರೆ ಸುರುಳಿ ಕಿರುಚುತ್ತದಂತೆ.
ಚಹಾದ ಪಾತ್ರೆಯಲ್ಲಿ ಕರಗಿಸಿ ಮುಳುಗಿಸಿದೆವು,
ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೆ ಬಂತು.
ಆ ಪಾತ್ರೆಯಲ್ಲಿ ಮತ್ತೆ ಚಹಾ ಮಾಡಲಿಕ್ಕಾಗಲಿಲ್ಲ.

ಶನಿವಾರ ಸ್ಪೀಕರಿನ ಪೆಟ್ಟಿಗೆ ತಂದು ವಯರು ಸಿಕ್ಕಿಸಿದಳು.
ತಂತಿ ಮುಟ್ಟುವ ಮೊದಲೇ ಗುಂಯ್.
ಅವಳ ಮುಖ ಸಣ್ಣದಾಯಿತು.
ನನಗೆ ಗುರುತು ಸಿಕ್ಕಿತು: ಎದುರಿನ ಐಸ್ ಪ್ಲಾಂಟು!
ಹೋದ ಮಳೆಗಾಲ ನಾನೇ ಸುತ್ತಿದ ಹತ್ತು ಎಚ್‌ಪಿ,
ರಸ್ತೆ ದಾಟಿ ಬಂದು ಮಾತಾಡಿಸುತ್ತಿದೆ.

ಗಿಟಾರು ಹಿಡಿದು ಮೆಲ್ಲ ತಿರುಗಿದಳು.
ಬಾಗಿಲ ಕಡೆ ಜೋರು, ಗೋಡೆಯ ಕಡೆ ಸಣ್ಣ,
ದಕ್ಕೆಯ ಕಡೆ ಮುಖ ಮಾಡಿದಾಗ ಇಲ್ಲವೆನ್ನುವಷ್ಟು.
ಅಲ್ಲೇ ನಿಂತು ನುಡಿಸಿದಳು.
ನನಗೆ ಸಂಗೀತ ಗೊತ್ತಿಲ್ಲ.
ಬೇರಿಂಗು ಹೋದದ್ದು ಕಿವಿಯಲ್ಲೇ ಹೇಳಬಲ್ಲೆ.
ಇದರ ಬೇರಿಂಗು ಸರಿ ಉಂಟು.

"ಇನ್ನೊಂದು ಗುಳಿಗೆ ಉಲ್ಟಾ ಸುತ್ತುವ,
ಅಯಸ್ಕಾಂತವನ್ನೂ ಮಗುಚುವ.
ಒಟ್ಟಿಗಿದ್ದಾಗ ಎರಡರ ಗುಂಯ್ ಎರಡೂ ತಿನ್ನುತ್ತವೆ,
ಒಂದೇ ಇದ್ದರೆ ಮತ್ತೆ ಶುರು."
ಅಲಿಮಮ್ಮನ ಜೊತೆ ಇಪ್ಪತ್ತೆಂಟು ವರ್ಷ ಆದವನಿಗೆ
ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಆದರೆ ಸುತ್ತು ಎರಡಕ್ಕೂ ಸಮ ಬೇಕು.
ಮೊದಲನೆಯದಕ್ಕೆ ಎಷ್ಟು?
ಡಬ್ಬಿ ಬಗ್ಗಿಸಿ ಎಣಿಸಿದೆವು: ಎಪ್ಪತ್ತೆಂಟು.
ಮೇಜಿನ ಕಾಲ ಹತ್ತಿರ ಇನ್ನೊಂದು ವಾಶರು ಬಿದ್ದಿತ್ತು,
ಆ ದಿನದ್ದೋ, ಯಾವ ಕಾಲದ್ದೋ.
ಅವಳು ಅದನ್ನು ಹೆಕ್ಕಿ ಕಿಸೆಗೆ ಹಾಕಿದಳು.
"ನೂರು ಸುತ್ತಿನಷ್ಟು ಗುಂಯ್ ಉಳಿದರೆ ಉಳಿಯಲಿ."

ಬಿಲ್ಲು ಬರೆಯುವಾಗ ಪೆನ್ನು ನಿಂತಿತು.
ಮತ್ತೆ ಬರೆದೆ:
ಸಣ್ಣ ಮೋಟಾರು, ಎರಡು. ತಿರುಗುವುದಿಲ್ಲ.