ಹಂದಿಗೆ ಕಾಣದ ಬಣ್ಣ

ವರ್ಷಕ್ಕೆ ಎರಡು ಕೊಡುತ್ತಾರೆ ನಗರಸಭೆಯವರು,
ಬೆನ್ನಿಗೆ ಬೆಳ್ಳಿ ಪಟ್ಟಿ ಹೊಲಿದ ಕಿತ್ತಳೆ ಕೋಟು.
ಒಂದು ಮೈಮೇಲೆ, ಒಂದು ಗೂಟಕ್ಕೆ.
ಗೂಟದ್ದನ್ನು ಆವತ್ತು ಸಂಜೆ ತಮ್ಮನ ಮುಂದೆ ಹಿಡಿದೆ:
"ಹಾಕ್ಕೊಂಡು ಹೋಗೋ, ಹೊಲದಾಗೆ ನಾಕು ಬಂದೂಕು ಇರ್ತಾವೆ."
ನಕ್ಕ.
"ಕಸ ಗುಡಿಸಾಕೆ ಹೊಂಟೀನೇನಕ್ಕ? ಹಂದಿ ಹೊಡಿಯಾಕೆ."

ಆ ನಗುವಿನ ಮೇಲೆ ನನಗಿನ್ನೂ ಸಿಟ್ಟಿದೆ.

ಜೋಗಿಮಟ್ಟಿ ಸೆರಗಿನ ಮೆಕ್ಕೆಜೋಳ, ತೆನೆಗೆ ಹಾಲು ತುಂಬುವ ಕಾಲ.
ಒಂದು ರಾತ್ರಿಗೆ ಅರ್ಧ ಎಕರೆ ಮಲಗಿಸಿ ಹೋಗುತ್ತವೆ.
ದಂಟು ಅಲುಗಿದ ಕಡೆ ಉಚ್ಚೆಂಗಪ್ಪ ಗುರಿಯಿಟ್ಟ.
ಅಲುಗಿಸಿದ್ದು ಅಂಜಿನಪ್ಪ,
ಚಪ್ಪಲಿಗೆ ನೆಟ್ಟ ಜಾಲಿಮುಳ್ಳು ಕೀಳಲು ಬಗ್ಗಿದ್ದ.
ಬಗ್ಗಿದ ಮನುಷ್ಯ, ಕತ್ತಲಲ್ಲಿ, ಕಪ್ಪು ಕಂಬಳಿಯಲ್ಲಿ.

ಗುಡ್ಡದ ಮೇಲೆ ಗಾಳಿಯಂತ್ರಗಳ ನೆತ್ತಿಗೆ ಕೆಂಪು ದೀಪ.
ಹಾದುಹೋಗುವ ವಿಮಾನಕ್ಕೆ ಕಾಣಲೆಂದು
ರಾತ್ರಿಯಿಡೀ ರೆಪ್ಪೆ ಬಡಿಯುತ್ತದೆ.
ನಮ್ಮೂರ ಮೇಲೆ ಎಷ್ಟು ವಿಮಾನ ಹಾದವೋ ನಾನರಿಯೆ.
ಆ ಬದುವಿನ ಮೇಲೆ ಹಾದವರನ್ನು ಹೆಸರು ಹಿಡಿದು ಹೇಳಬಲ್ಲೆ.

ತಿಥಿ ಮುಗಿದ ಮರುದಿನ ಊರು ಬೇವಿನಕಟ್ಟೆಗೆ ಕೂತಿತು.
ಬೇಟೆಗೆ ಹೋಗುವವರು ಕಿತ್ತಳೆ ತೊಡಲೇಬೇಕೋ, ಬೇಡವೋ.
ಮೇಷ್ಟ್ರು ತಿಪ್ಪೇರುದ್ರಪ್ಪ ಮೊದಲು ಎದ್ದರು:
"ಕಿತ್ತಳೆ ನಮಗೆ ಕಿತ್ತಳೆ, ಹಂದಿಯ ಕಣ್ಣಿಗೆ ಅದು ಒಣಹುಲ್ಲು.
ಕಳ್ಕೊಳ್ಳೋದೇನೂ ಇಲ್ಲ."
ದುರುಗಪ್ಪಜ್ಜನಿಗೆ ರೇಗಿತು:
"ನಮ್ಮಪ್ಪ ಸೊಪ್ಪು ಕಟ್ಕೊಂಡು ಹೋಗ್ತಿದ್ದ, ಮೈಗೆ ಮಣ್ಣು ಬಳ್ಕೊಂಡು.
ದಿಬ್ಬಣ ಹೊಂಟಂಗೆ ಹೋಗಿ ಬೇಟೆ ಆಡಾಕಾಗುತ್ತಾ?"
"ಆ ಬಣ್ಣ ಹಾಕಿದ್ರೆ ಯಾವ ಪಾರ್ಟಿ ಅಂತ ಕೇಳ್ತಾರೆ" ಎಂದನೊಬ್ಬ.
ಯಾರೂ ನಗಲಿಲ್ಲ.
ಆಮೇಲೆ ಹಿಂದಿನ ಸಾಲಿನಿಂದ, ಬೀಡಿ ಆರಿಸುತ್ತಾ, ಮೆಲ್ಲಗೆ:
"ಹಂದಿಗೆ ಕಾಣಲ್ಲ, ಸರಿ. ಗಾರ್ಡಿಗೆ?"

ಕಟ್ಟೆ ತೆಪ್ಪಗಾಯಿತು.
ಇದ್ದದ್ದು ಅದೊಂದೇ ಮಾತು.
ಫಾರೆಸ್ಟಿನವರ ಜೀಪಿಗೆ ಕಾಣಬಾರದೆಂದು ಕಂಬಳಿ ಹೊದೆಯುತ್ತಾರೆ,
ಒಬ್ಬರಿಗೊಬ್ಬರು ಕಾಣದಷ್ಟು ಚೆನ್ನಾಗಿ.
ಕಂಡರೆ ಕೇಸು, ಕಾಣದಿದ್ದರೆ ಗುಂಡು.
ನಡುವೆ ಯಾವುದಾದರೂ ಬಣ್ಣವಿದ್ದರೆ ತಂದುಕೊಡಿ.

"ನೀನೇನಂತೀಯವ್ವ?" ಎಂದರು.
ಹೇಳಬೇಕೆಂದಿದ್ದೆ:
ಬೆಳಗಿನ ಜಾವ ಹೊಳಲ್ಕೆರೆ ರಸ್ತೆ ಗುಡಿಸುವವಳು ನಾನು,
ಲಾರಿಯವರಿಗೆ ಕಾಣುತ್ತೇನೆ.
ಈ ಕೋಟು ಬರುವ ಮುಂಚೆ ಕೆಂಚಮ್ಮ ಹೋದಳು,
ಬಂದ ಮೇಲೆ ಯಾರೂ ಹೋಗಿಲ್ಲ.
ಆದರೆ ಮಾಳಿಗೆ ಮೇಲಿಂದ ಮುಸುರೆ ನೀರು ಎರಚುವವರಿಗೆ
ಎಷ್ಟು ಕಿತ್ತಳೆ ತೊಟ್ಟರೂ ನಾನು ಕಾಣುವುದಿಲ್ಲ.
ಬಟ್ಟೆ ಅರ್ಧ ಕೆಲಸ ಮಾಡುತ್ತದೆ. ಆ ಅರ್ಧವಾದರೂ ಆಗಲಿ.

ಇಷ್ಟೆಲ್ಲ ಎಲ್ಲಿ ಹೇಳಿದೆ?
"ಹಾಕ್ಕೊಳ್ರಿ" ಎಂದೆ, ಸೆರಗು ಬಾಯಿಗಿಟ್ಟುಕೊಂಡು.
ತೀರ್ಮಾನ ಅಮಾವಾಸ್ಯೆ ಕಳೆಯಲಿ ಅಂದರು. ಎರಡು ಅಮಾವಾಸ್ಯೆ ಕಳೆದವು.

ಜಾಮೀನಿನ ಮೇಲೆ ಬಂದ ಉಚ್ಚೆಂಗಪ್ಪ
ಒಂದು ಸಂಜೆ ಹೊಸ್ತಿಲ ಹೊರಗೆ ನಿಂತ.
ಮುಖ ನೋಡಲಿಲ್ಲ. ಗೂಟ ನೋಡಿದ.
"ಬಂದೂಕು ಸ್ಟೇಷನ್ನಾಗೈತೆ. ಡಬ್ಬ ಬಡಿದು ಹೊಲ ಕಾಯ್ತೀನಿ.
ಉಳಿದ ಮೂರು ಇನ್ನೂ ಊರಾಗವೆ, ಅಕ್ಕ."
ನೀರು ಕೊಡಲಿಲ್ಲ. ಕೂರು ಎನ್ನಲಿಲ್ಲ.
ಕೋಟು ಹೊಸ್ತಿಲ ಮೇಲೆ ಎಸೆದೆ.
ತಮ್ಮನಿಗೆ ಭುಜ ಬಿಗಿಯಾಗುತ್ತಿತ್ತು ಅದು,
ಇವನಿಗೆ ಸರಿಹೋಯಿತು.

ಈಗ ಯಾರ ಬ್ಯಾಟರಿ ಆ ಕಡೆ ತಿರುಗಿದರೂ
ಜೋಳದ ನಡುವೆ ಆ ಬೆಳ್ಳಿ ಪಟ್ಟಿ ಉರಿಯುತ್ತದೆ.
ಡಬ್ಬದ ಸದ್ದು, ಪಟ್ಟಿ, ಮತ್ತೆ ಸದ್ದು.
ರಾತ್ರಿಯೆಲ್ಲ ಕಾಣುತ್ತಾನೆ.
ನೋಡಲಾರದೆ ಬಾಗಿಲು ಹಾಕಿಕೊಳ್ಳುತ್ತೇನೆ.